ಜೈಲಿನಲ್ಲಿರುವ ಗರ್ಭಿಣಿಗೆ ಸಿಗಬೇಕಾದದ್ದನ್ನು ಕೊಡಿಸುವುದು ಹೇಗೆ: ಬಂಧನದ ದಿನದಿಂದ ಬಾಣಂತನದವರೆಗೆ

ಬಸುರಿ ಹೆಣ್ಣುಮಗಳ ಬಂಧನವಾದರೆ ಮನೆಯವರು ಮೊದಲು ವಕೀಲರ ಬಳಿ ಓಡಿ ಜಾಮೀನು ಯಾವಾಗ ಎಂದು ಕೇಳುತ್ತಾರೆ. ಕೇಳಲೇಬೇಕು. ಆದರೆ ಅದೇ ದಿನ, ಅದೇ ಗಂಟೆಯಲ್ಲಿ ಆಗಬೇಕಾದ ಇನ್ನೊಂದು ಕೆಲಸವಿದೆ. ಆಕೆ ಗರ್ಭಿಣಿ, ಇಷ್ಟು ವಾರ ತುಂಬಿದೆ, ಹೆರಿಗೆಗೆ ಡಾಕ್ಟರು ಕೊಟ್ಟ ದಿನಾಂಕ ಇದು ಎಂಬ ಮೂರು ಮಾತು ಪೊಲೀಸರ ಕಾಗದದಲ್ಲೂ ಕೋರ್ಟಿನ ಆದೇಶದಲ್ಲೂ ಜೈಲಿನ ದಾಖಲೆಯಲ್ಲೂ ಬರಬೇಕು. ಕಾಗದಕ್ಕೆ ಬಾರದ ಬಸಿರು ಜೈಲಿನ ಲೆಕ್ಕಕ್ಕೆ ಬರುವುದಿಲ್ಲ. ತಪಾಸಣೆ ತಪ್ಪಿಹೋಗುವುದು, ಎಸ್ಕಾರ್ಟ್ (ಜೈಲಿನಿಂದ ಹೊರಗೆ ಕರೆದೊಯ್ಯುವ ಪೊಲೀಸ್ ಕಾವಲು) ಸಿಗದಿರುವುದು, ಜಾಮೀನು ಅರ್ಜಿ ತಡವಾಗಿ ಬೀಳುವುದು, ಎಲ್ಲಕ್ಕೂ ಬುಡದಲ್ಲಿ ಇರುವುದು ಹೆಚ್ಚಾಗಿ ಇದೇ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ ತೀರ್ಪು ಒಂದಿದೆ: ಆರ್.ಡಿ. ಉಪಾಧ್ಯಾಯ ವಿರುದ್ಧ ಆಂಧ್ರಪ್ರದೇಶ ಸರ್ಕಾರ, ಸುಪ್ರೀಂ ಕೋರ್ಟ್, 2006ರ ಏಪ್ರಿಲ್ 13. ಜೈಲಿನಲ್ಲಿರುವ ಗರ್ಭಿಣಿಯರು ಮತ್ತು ತಾಯಂದಿರ ಜೊತೆಗಿರುವ ಮಕ್ಕಳಿಗಾಗಿ ಆ ತೀರ್ಪು ಕೊಟ್ಟ ನಿರ್ದೇಶನಗಳು ಇಡೀ ದೇಶದ ಜೈಲುಗಳಿಗೆ ಅನ್ವಯಿಸುತ್ತವೆ. ಅದರ ನಿರ್ದೇಶನಗಳ ಪುಟಗಳನ್ನು ಪ್ರಿಂಟ್ ತೆಗೆಸಿ ಪ್ರತಿ ಅರ್ಜಿಯ ಹಿಂದೆ ಲಗತ್ತಿಸಿ. ಕೌಂಟರಿನಲ್ಲಿ ಕೂತವರಿಗೆ ಬಾಯಿಮಾತಿನಲ್ಲಿ ವಿವರಿಸುವುದಕ್ಕಿಂತ ಇದು ಬೇಗ ಕೆಲಸ ಮಾಡುತ್ತದೆ.

ಬಂಧನದ ದಿನ

ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಪೊಲೀಸ್ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮು ಇದನ್ನು ಹೇಳುತ್ತದೆ. ಅದೇ ಸಂಹಿತೆಯ 53ನೇ ಕಲಮಿನ ಪ್ರಕಾರ ಬಂಧನವಾದ ಕೂಡಲೇ ವೈದ್ಯಕೀಯ ತಪಾಸಣೆ ಆಗಬೇಕು. ಹೆಣ್ಣಾದರೆ ಮಹಿಳಾ ವೈದ್ಯರೇ ನೋಡಬೇಕು, ಇಲ್ಲವೇ ಅವರ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ಆ ವರದಿಯ ಪ್ರತಿ ಆಕೆಗೆ, ಅಥವಾ ಆಕೆ ಹೆಸರಿಸಿದವರಿಗೆ, ಕೊಡಬೇಕು. ಹೆಚ್ಚಿನವರು ಈ ಪ್ರತಿ ಕೇಳುವುದೇ ಇಲ್ಲ. ಕೇಳಿ ಪಡೆಯಿರಿ. ವೈದ್ಯರು ಬರೆಯುವಾಗ ಕೊನೆಯ ಮುಟ್ಟಿನ ಮೊದಲ ದಿನ ಯಾವುದೆಂದು ಆಕೆಯೇ ಬಾಯಿಬಿಟ್ಟು ಹೇಳಬೇಕು. ಸ್ಟೇಷನ್ನಿನಲ್ಲಿ ಗಂಡಸರು ಸುತ್ತ ನಿಂತಿರುವಾಗ ಆ ಮಾತು ಹೇಳಲು ನಾಚುವವರೇ ಹೆಚ್ಚು. ಹೇಳದೆ ಹೋದರೆ ವರದಿಯಲ್ಲಿ ‘ಆರೋಗ್ಯ ಸಾಮಾನ್ಯ’ ಎಂಬ ಒಂದು ಸಾಲು ಬಿದ್ದುಬಿಡುತ್ತದೆ. ಮುಂದೆ ಅದನ್ನು ತಿದ್ದಿಸುವುದು ಕಷ್ಟ.

ದಿನಾಂಕದ ಲೆಕ್ಕ ಸುಲಭ: ಕೊನೆಯ ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು, 7 ದಿನ ಸೇರಿಸಿ. ಜನವರಿ 10 ಆದರೆ ಹೆರಿಗೆಯ ನಿರೀಕ್ಷಿತ ದಿನ ಅಕ್ಟೋಬರ್ 17. ಆಸ್ಪತ್ರೆಯ ಚೀಟಿಯಲ್ಲಿ ಇ.ಡಿ.ಡಿ. ಎಂದು ಬರೆಯುವುದು ಇದನ್ನೇ. ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನ್ ಆಗಿದ್ದರೆ ಅದರ ದಿನಾಂಕ ಇನ್ನೂ ನಂಬಿಕೆಯದು.

ಮನೆಯವರು ಅವತ್ತೇ ಹುಡುಕಬೇಕಾದ್ದು: ತಾಯಿ ಕಾರ್ಡ್, ಸ್ಕ್ಯಾನ್ ವರದಿ, ರಕ್ತಪರೀಕ್ಷೆಯ ಚೀಟಿ, ಹಿಂದಿನ ಹೆರಿಗೆ ಆಪರೇಷನ್ ಆಗಿದ್ದರೆ ಅದರ ಡಿಸ್ಚಾರ್ಜ್ ಸಾರಾಂಶ. ಎಲ್ಲದರ ನಾಲ್ಕು ಸೆಟ್ ಝೆರಾಕ್ಸ್ ಮಾಡಿಸಿ. ಒಂದು ಮ್ಯಾಜಿಸ್ಟ್ರೇಟರಿಗೆ, ಒಂದು ಜೈಲಿಗೆ, ಒಂದು ವಕೀಲರಿಗೆ, ಒಂದು ನಿಮ್ಮ ಬಳಿ. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ.

24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆ. ಅಲ್ಲಿ ವಕೀಲರು ಒಂದು ಪುಟದ ಮೆಮೊ (ಕೋರ್ಟಿಗೆ ಕೊಡುವ ಚಿಕ್ಕ ಲಿಖಿತ ಮನವಿ) ಹಾಕಿ ಎರಡು ವಿಷಯ ಕೇಳಬೇಕು. ನ್ಯಾಯಾಂಗ ಬಂಧನದ ವಾರಂಟಿನ ಮೇಲೆಯೇ ಗರ್ಭಿಣಿ ಎಂದೂ ವಾರಗಳ ಸಂಖ್ಯೆಯನ್ನೂ ನಮೂದಿಸುವುದು ಒಂದು. ಆ ಜೈಲಿನಲ್ಲಿ ಹೆರಿಗೆ ಮತ್ತು ಹೆರಿಗೆಪೂರ್ವ ಆರೈಕೆಗೆ ಕನಿಷ್ಠ ಸೌಲಭ್ಯ ಇದೆಯೇ ಎಂದು ಅಧೀಕ್ಷಕರಿಂದ ವರದಿ ತರಿಸುವುದು ಇನ್ನೊಂದು. ಗರ್ಭಿಣಿಯನ್ನು ಕಳುಹಿಸುವ ಮೊದಲು ಈ ಸೌಲಭ್ಯ ಇರುವುದನ್ನು ಖಾತ್ರಿ ಮಾಡಿಕೊಳ್ಳಬೇಕು ಎಂದು 2006ರ ತೀರ್ಪೇ ಹೇಳಿದೆ. ತಾಲ್ಲೂಕಿನ ಸಣ್ಣ ಜೈಲುಗಳಲ್ಲಿ ಇದು ಬಹಳ ಮುಖ್ಯ, ಯಾಕೆಂದರೆ ಅಲ್ಲಿ ಮಹಿಳಾ ವೈದ್ಯರು ಇರುವುದೇ ಅಪರೂಪ.

ವಕೀಲರಿಗೆ ಹಣ ಇಲ್ಲವೆಂದು ಕೂರಬೇಡಿ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಮಿನಡಿ ಹೆಂಗಸರಿಗೂ ಬಂಧನದಲ್ಲಿರುವವರಿಗೂ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ. ಸಹಾಯವಾಣಿ 15100.

ಜೈಲಿನ ಮೊದಲ ವಾರ

ದಾಖಲಾತಿಯ ದಿನವೇ ಮೂತ್ರದ ಗರ್ಭಪರೀಕ್ಷೆ ಮಾಡಿಸಿಕೊಳ್ಳಲು ಆಕೆಗೆ ಹೇಳಿ. ತಿಂಗಳು ನಿಂತು ಕೆಲವೇ ದಿನವಾಗಿದ್ದರೆ ಇದು ಇನ್ನೂ ಅಗತ್ಯ. ಒಳಗೆ ಬಂದ ದಿನದ ಪರೀಕ್ಷೆ ದಾಖಲೆಯಲ್ಲಿ ಇಲ್ಲದಿದ್ದರೆ ಮುಂದೆ ಬಸಿರು ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ, ಅದರ ಕೆಸರು ಆಕೆಯ ಮೈಮೇಲೆ ಬೀಳುತ್ತದೆ. 2024ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಜೈಲುಗಳ ಬಗ್ಗೆ ಎದ್ದ ದೊಡ್ಡ ಗುಲ್ಲು ಇದೇ ಆಗಿತ್ತು. ಕಡೆಗೆ ಸುಪ್ರೀಂ ಕೋರ್ಟಿಗೆ ಸಹಾಯಕರಾಗಿದ್ದ ಹಿರಿಯ ವಕೀಲರು ಕೊಟ್ಟ ವರದಿಯ ಪ್ರಕಾರ ನಾಲ್ಕು ವರ್ಷಗಳಲ್ಲಿ ಅಲ್ಲಿ 62 ಮಕ್ಕಳು ಹುಟ್ಟಿದ್ದವು, ಆ ತಾಯಂದಿರಲ್ಲಿ ಹೆಚ್ಚಿನವರು ಒಳಗೆ ಬರುವಾಗಲೇ ಗರ್ಭಿಣಿಯರಾಗಿದ್ದರು.

ಪರೀಕ್ಷೆಯಲ್ಲಿ ಗರ್ಭ ಎಂದು ಗೊತ್ತಾದರೆ ಅಥವಾ ಅನುಮಾನ ಬಂದರೂ ಸಾಕು, ಜೈಲಿನವರು ಆಕೆಯನ್ನು ಜಿಲ್ಲಾ ಸರ್ಕಾರಿ ಆಸ್ಪತ್ರೆಯ ಮಹಿಳಾ ವಿಭಾಗಕ್ಕೆ ಕಳುಹಿಸಿ ಆರೋಗ್ಯದ ಸ್ಥಿತಿ, ಗರ್ಭದ ಅವಧಿ, ಹೆರಿಗೆಯ ಸಂಭವನೀಯ ದಿನಾಂಕ ಇವನ್ನು ಬರೆಸಿಕೊಳ್ಳಬೇಕು. ಆಮೇಲೆ ಕಾರಾಗೃಹ ಇಲಾಖೆಯ ಮುಖ್ಯಸ್ಥರಿಗೆ ವರದಿ ಹೋಗಬೇಕು. ಆ ವರದಿಯಲ್ಲಿ ದಾಖಲಾದ ದಿನ, ಶಿಕ್ಷೆಯ ಅವಧಿ, ಬಿಡುಗಡೆಯ ದಿನ, ಹೆರಿಗೆಯ ದಿನ ಎಲ್ಲವೂ ಇರಬೇಕು. ಇದು ಆಗಿದೆಯೋ ಇಲ್ಲವೋ ತಿಳಿಯಲು ಏಳನೆಯ ದಿನ ಅಧೀಕ್ಷಕರಿಗೆ ಒಂದು ಅರ್ಜಿ ಕೊಡಿ. ಇಷ್ಟು ಬರೆದರೆ ಸಾಕು:

‘ಮಾನ್ಯರೇ, ವಿಚಾರಣಾಧೀನ ಬಂದಿ ಸಂಖ್ಯೆ ____ ಆಗಿರುವ ಶ್ರೀಮತಿ ____ ಅವರು ____ ವಾರಗಳ ಗರ್ಭಿಣಿ. ಹೆರಿಗೆಯ ನಿರೀಕ್ಷಿತ ದಿನಾಂಕ ____. ತಾಯಿ ಕಾರ್ಡ್ ಪ್ರತಿ ಲಗತ್ತಿಸಿದೆ. ಆರ್.ಡಿ. ಉಪಾಧ್ಯಾಯ ಪ್ರಕರಣದ ನಿರ್ದೇಶನದಂತೆ (1) ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿದ ದಿನಾಂಕ, (2) ಮುಂದಿನ ತಪಾಸಣೆಯ ದಿನಾಂಕ, (3) ಮೇಲಧಿಕಾರಿಗಳಿಗೆ ಕಳುಹಿಸಿದ ವರದಿಯ ದಿನಾಂಕ ಇವುಗಳನ್ನು ತಿಳಿಸಬೇಕೆಂದೂ ವೈದ್ಯಕೀಯ ದಾಖಲೆಗಳ ಪ್ರತಿ ಕೊಡಬೇಕೆಂದೂ ಕೋರುತ್ತೇನೆ.’

ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಜಗಳಕ್ಕೆ ನಿಲ್ಲಬೇಡಿ. ಅದೇ ಅರ್ಜಿಯನ್ನು ಸ್ವೀಕೃತಿ ಪತ್ರದೊಂದಿಗೆ ಅಂಚೆಯಲ್ಲಿ ಕಳುಹಿಸಿ, ಒಂದು ಪ್ರತಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ಕೊಡಿ. ಒಳಗಿರುವ ಆಕೆಗೆ ನಾಳೆ ಅದೇ ಸಿಬ್ಬಂದಿಯ ಜೊತೆ ದಿನ ಕಳೆಯಬೇಕಾಗಿದೆ ಎಂಬುದು ನೆನಪಿರಲಿ.

ತಪಾಸಣೆ ಎಷ್ಟು, ಯಾವಾಗ

ಹೊರಗಿರುವ ಗರ್ಭಿಣಿಗೆ ಏನುಂಟೋ ಅದೇ ಒಳಗಿರುವವಳಿಗೂ. ಸರ್ಕಾರಿ ವ್ಯವಸ್ಥೆಯಲ್ಲಿ ಕನಿಷ್ಠ ನಾಲ್ಕು ತಪಾಸಣೆ: 12 ವಾರದೊಳಗೆ ಮೊದಲನೆಯದು, 14ರಿಂದ 26 ವಾರದ ನಡುವೆ ಎರಡನೆಯದು, 28ರಿಂದ 34ರ ನಡುವೆ ಮೂರನೆಯದು, 36 ಆದ ಮೇಲೆ ನಾಲ್ಕನೆಯದು. ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್ 18ರಿಂದ 20 ವಾರದ ಒಳಗೆ ಆಗಬೇಕು. ಜೈಲಿನಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಇದೇ ಸ್ಕ್ಯಾನ್. ಆ ವಾರದಲ್ಲಿ ಎಸ್ಕಾರ್ಟ್ ಸಿಗಲಿಲ್ಲ ಎಂದು ಮುಂದೂಡಿದರೆ ಆ ಅವಧಿ ಮತ್ತೆ ಬರುವುದಿಲ್ಲ.

ಮಾತ್ರೆ: ಮೂರು ತಿಂಗಳು ತುಂಬಿದ ಮೇಲೆ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ (60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ), ಒಟ್ಟು 180 ದಿನ. ಹೆರಿಗೆಯಾದ ಮೇಲೆ ಇನ್ನೂ 180 ದಿನ. ಕ್ಯಾಲ್ಸಿಯಂ 500 ಮಿ.ಗ್ರಾಂ ದಿನಕ್ಕೆರಡು ಸಲ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಡುವೆ ಎರಡು ಗಂಟೆ ಬಿಡಬೇಕು. ಜೈಲಿನಲ್ಲಿ ಎಲ್ಲ ಮಾತ್ರೆಯನ್ನೂ ಒಂದೇ ಹೊತ್ತಿಗೆ ಕೈಗೆ ಹಾಕಿ ಎದುರಿಗೇ ನುಂಗಿಸುವ ಪದ್ಧತಿ ಇದ್ದರೆ ಈ ಅಂತರ ಮುರಿದುಬೀಳುತ್ತದೆ. ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿಯ ನಂತರ ಮತ್ತು ರಾತ್ರಿ ಊಟದ ನಂತರ, ಕಬ್ಬಿಣ ಮಧ್ಯಾಹ್ನ ಎಂದು ವೈದ್ಯರಿಂದ ಚೀಟಿಯಲ್ಲೇ ಬರೆಸಿ. ಮಾತ್ರೆಯ ಹಿಂದೆಯೇ ಟೀ ಕುಡಿಯಬಾರದು.

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಯಲ್ಲಿಟ್ಟು ನೋಡಬೇಕಾದ ಸ್ಥಿತಿ. ರಕ್ತದೊತ್ತಡ 140/90 ಮುಟ್ಟಿದರೆ ಅವತ್ತೇ ದೊಡ್ಡಾಸ್ಪತ್ರೆ. ಈ ಎರಡು ಅಂಕಿಗಳನ್ನು ಪ್ರತಿ ಭೇಟಿಯಲ್ಲೂ ಆಕೆಯಿಂದ ಕೇಳಿ, ದಿನಾಂಕ ಸಮೇತ ಬರೆದಿಡಿ. ಮುಂದೆ ಜಾಮೀನು ಅರ್ಜಿಗೆ ಬಲ ಬರುವುದು ಇವುಗಳಿಂದಲೇ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ತಜ್ಞ ವೈದ್ಯರ ತಪಾಸಣೆ ಇರುತ್ತದೆ. ಆ ದಿನವನ್ನೇ ಕೇಳಿದರೆ ಎಸ್ಕಾರ್ಟ್ ಯೋಜಿಸಲು ಜೈಲಿಗೂ ಅನುಕೂಲ.

ತಾಯಿ ಕಾರ್ಡ್ ಇನ್ನೂ ಆಗಿಲ್ಲದಿದ್ದರೆ ಜೈಲಿನ ವ್ಯಾಪ್ತಿಯ ಆರೋಗ್ಯ ಕೇಂದ್ರದ ಮೂಲಕ ಮಾಡಿಸಲು ಕೋರಿ. ಜೈಲಿನಲ್ಲಿ ಇದ್ದಾಳೆಂದು ಕಾರ್ಡ್ ನಿರಾಕರಿಸುವಂತಿಲ್ಲ.

ಊಟ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಗರ್ಭಿಣಿಗೆ ದಿನಕ್ಕೆ 350 ಕ್ಯಾಲೊರಿ ಹೆಚ್ಚು ಬೇಕು. ಹಾಲೂಡಿಸುವ ಮೊದಲ ಆರು ತಿಂಗಳಲ್ಲಿ 600 ಹೆಚ್ಚು. ಕೊನೆಯ ಮೂರು ತಿಂಗಳಲ್ಲಿ ಪ್ರೋಟೀನು 22 ಗ್ರಾಂ ಹೆಚ್ಚು. 350 ಕ್ಯಾಲೊರಿ ಎಂದರೆ ದೊಡ್ಡ ಮಾತಲ್ಲ: ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಬೀಜ. ಆದರೆ ಜೈಲಿನಲ್ಲಿ ಈ ಮೂರು ತಾವಾಗಿ ಬರುವುದಿಲ್ಲ. ಜೈಲಿನ ವೈದ್ಯಾಧಿಕಾರಿ ‘ವಿಶೇಷ ಆಹಾರ’ ಎಂದು ಬರೆದರೆ ಮಾತ್ರ ಅಡುಗೆಮನೆಗೆ ಆದೇಶ ಹೋಗುತ್ತದೆ. ‘ಪೌಷ್ಟಿಕ ಆಹಾರ ಕೊಡಿ’ ಎಂದು ಬರೆದರೆ ಏನೂ ಬರುವುದಿಲ್ಲ. ಹಾಲು ಎಷ್ಟು ಮಿ.ಲೀ., ಮೊಟ್ಟೆ ಎಷ್ಟು, ಎಷ್ಟು ದಿನ ಎಂದು ಅಳತೆ ಸಮೇತ ಬರೆಸಬೇಕು.

ಮನೆಯ ಊಟ ಕೊಡಲು ವಿಚಾರಣಾಧೀನರ ವಿಷಯದಲ್ಲಿ ಕೋರ್ಟಿನ ಅನುಮತಿ ಪಡೆದಿರುವುದು ಭದ್ರ. ಗೇಟಿನಲ್ಲಿ ದಿನಕ್ಕೊಬ್ಬ ಸಿಬ್ಬಂದಿ ದಿನಕ್ಕೊಂದು ಮಾತು ಹೇಳುವುದು ಆಗ ನಿಲ್ಲುತ್ತದೆ. ಮೆತ್ತನೆಯ ಹತ್ತಿಬಟ್ಟೆ, ಎದುರು ಗುಂಡಿಯ ನೈಟಿ, ಒಳಹಾಸಿಗೆ, ಹೆಚ್ಚಿನ ಹೊದಿಕೆ ಇವಕ್ಕೂ ಒಂದೇ ಅರ್ಜಿಯಲ್ಲಿ ಅನುಮತಿ ಕೇಳಿ. ಏಳು ತಿಂಗಳಾದ ಮೇಲೆ ನೆಲದ ಮೇಲೆ ಮಲಗಿ ಏಳುವುದು ದೊಡ್ಡ ಹಿಂಸೆ. ಮಂಚ ಕೊಡಲು ವೈದ್ಯರು ಒಂದು ಸಾಲು ಬರೆದರೆ ಸಾಕು, ಬರೆಸಿ.

ಜಾಮೀನು: ಹೆರಿಗೆಯ ದಿನದಿಂದ ಹಿಂದಕ್ಕೆ ಎಣಿಸಿ

2006ರ ತೀರ್ಪಿನ ತಿರುಳು ಇಲ್ಲಿದೆ: ಸಾಧ್ಯವಾದ ಮಟ್ಟಿಗೆ, ಆಕೆಗೆ ಹೊರಗೆ ಯೋಗ್ಯ ಆಸರೆ ಇದ್ದರೆ, ತಾತ್ಕಾಲಿಕ ಬಿಡುಗಡೆ ಅಥವಾ ಪೆರೋಲ್ ಕೊಟ್ಟು ಹೆರಿಗೆ ಜೈಲಿನ ಹೊರಗೆ ಆಗುವಂತೆ ನೋಡಿಕೊಳ್ಳಬೇಕು. ಭದ್ರತೆಗೆ ಭಾರೀ ಅಪಾಯ ಇರುವಂಥ ಅಥವಾ ಅಷ್ಟೇ ಗಂಭೀರವಾದ ಅಪವಾದದ ಪ್ರಕರಣಗಳಲ್ಲಿ ಮಾತ್ರ ನಿರಾಕರಿಸಬಹುದು.

ಜಾಮೀನುರಹಿತ ಅಪರಾಧವಾದರೂ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪವಾದರೂ, ಆರೋಪಿ ಹೆಂಗಸು ಎಂಬ ಕಾರಣಕ್ಕೆ ಜಾಮೀನು ಕೊಡುವ ಅಧಿಕಾರ ನ್ಯಾಯಾಲಯಕ್ಕೆ ಇದೆ (ಸಂಹಿತೆಯ 480ನೇ ಕಲಮಿನ ಪರಂತುಕ, ಅಂದರೆ ವಿನಾಯಿತಿ ಹೇಳುವ ಭಾಗ; ಹಳೆಯ ಸಂಹಿತೆಯಲ್ಲಿ 437). ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ 45ನೇ ಕಲಮಿನಲ್ಲೂ ಹೆಂಗಸರಿಗೆ ಇಂಥದೇ ರಿಯಾಯಿತಿ ಉಂಟು. ಮಾದಕವಸ್ತು ಕಾಯ್ದೆಯ 37ನೇ ಕಲಮು ಮತ್ತು ಯುಎಪಿಎಯ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) 43ಡಿ(5)ರಲ್ಲಿ ಆ ರಿಯಾಯಿತಿ ಬರೆದಿಲ್ಲ. ಹಾಗೆಂದು ಬಾಗಿಲು ಮುಚ್ಚಿಲ್ಲ. 2020ರ ಜೂನ್ 4ರಂದು ದೆಹಲಿಯ ಕೆಳ ನ್ಯಾಯಾಲಯ ಯುಎಪಿಎ ಪ್ರಕರಣದಲ್ಲಿ ವಿದ್ಯಾರ್ಥಿನಿ ಸಫೂರಾ ಜರ್ಗರ್ ಅವರಿಗೆ ಜಾಮೀನು ನಿರಾಕರಿಸಿತ್ತು. ಹೈಕೋರ್ಟಿನಲ್ಲಿ ಪೊಲೀಸರು ಹತ್ತು ವರ್ಷಗಳಲ್ಲಿ ದೆಹಲಿಯ ಜೈಲುಗಳಲ್ಲಿ 39 ಹೆರಿಗೆ ಆಗಿವೆ ಎಂದು ವಾದಿಸಿದರು. ಆದರೂ ಜೂನ್ 23ರಂದು, ಮಾನವೀಯ ನೆಲೆಯಲ್ಲಿ ಸರ್ಕಾರವೇ ಆಕ್ಷೇಪ ಬಿಟ್ಟಾಗ, ಆರನೆಯ ತಿಂಗಳಿನಲ್ಲಿದ್ದ ಅವರಿಗೆ ಜಾಮೀನು ಸಿಕ್ಕಿತು. ಇದರಿಂದ ಕಲಿಯಬೇಕಾದ್ದು ಎರಡು. ಅಭಿಯೋಜಕರ (ಸರ್ಕಾರದ ಪರ ವಕೀಲರ) ಜೊತೆ ಮೊದಲೇ ಮಾತಾಡಿ ‘ಆಕ್ಷೇಪವಿಲ್ಲ’ ಎನ್ನಿಸುವ ಪ್ರಯತ್ನ ಮಾಡಬೇಕು. ‘ಜೈಲಿನಲ್ಲಿ ಹೆರಿಗೆ ಮಾಡಿಸಬಲ್ಲೆವು’ ಎಂಬ ವಾದ ಬಂದರೆ, ಹೆರಿಗೆ ಸಾಧ್ಯವೇ ಎಂಬುದು ಪ್ರಶ್ನೆಯಲ್ಲ, ಹೊರಗೆ ಆಗಬೇಕೆಂಬುದೇ ಸುಪ್ರೀಂ ಕೋರ್ಟಿನ ನಿಯಮ ಎಂದು ಉತ್ತರಿಸಬೇಕು.

ಮಾದಕವಸ್ತು ಪ್ರಕರಣಕ್ಕೆ ಎರಡು ಆದೇಶಗಳನ್ನು ವಕೀಲರಿಗೆ ನೆನಪಿಸಿ. 2021ರಲ್ಲಿ ಹಿಮಾಚಲ ಪ್ರದೇಶ ಹೈಕೋರ್ಟ್, ಗರ್ಭಿಣಿಯರಿಗೆ ಬೇಕಾದ್ದು ಜಾಮೀನು, ಜೈಲಲ್ಲ ಎಂಬ ಅಭಿಪ್ರಾಯ ಕೊಟ್ಟಿತು. 2024ರ ನವೆಂಬರಿನಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಮಾದಕವಸ್ತು ಪ್ರಕರಣದ ಗರ್ಭಿಣಿಗೆ ಆರು ತಿಂಗಳ ತಾತ್ಕಾಲಿಕ ಜಾಮೀನು ಕೊಟ್ಟಿತು. ಜೈಲಿನ ವಾತಾವರಣದಲ್ಲಿ ಹೆರಿಗೆಯಾದರೆ ತಾಯಿಯ ಮೇಲಷ್ಟೇ ಅಲ್ಲ, ಮಗುವಿನ ಮೇಲೂ ಪರಿಣಾಮವಾಗುತ್ತದೆ ಎಂಬುದು ಅದು ಕೊಟ್ಟ ಕಾರಣ.

ಅರ್ಜಿ ಯಾವಾಗ ಹಾಕಬೇಕು? ಸಾಮಾನ್ಯ ಜಾಮೀನು ಸಿಗದಿದ್ದರೆ ಮಧ್ಯಂತರ ಜಾಮೀನಿನ (ನಿಗದಿತ ಅವಧಿಗೆ ಮಾತ್ರ ಕೊಡುವ ಜಾಮೀನು) ಅರ್ಜಿ 24ರಿಂದ 28ನೇ ವಾರದೊಳಗೆ ಬೀಳಬೇಕು. ಆಕ್ಷೇಪಣೆಗೆ ಸಮಯ ಕೇಳುತ್ತಾರೆ, ಜೈಲಿನಿಂದ ವೈದ್ಯಕೀಯ ವರದಿ ತರಿಸುತ್ತಾರೆ, ನಡುವೆ ರಜೆ ಬರುತ್ತದೆ. ಸೆಷನ್ಸ್‌ನಲ್ಲಿ ತಿರಸ್ಕಾರವಾದರೆ ಹೈಕೋರ್ಟಿಗೆ ಹೋಗಲೂ ಸಮಯ ಉಳಿದಿರಬೇಕು. 36ನೇ ವಾರದಲ್ಲಿ ಹಾಕಿದ ಅರ್ಜಿಯ ಆದೇಶ ಮಗು ಹುಟ್ಟಿದ ಮೇಲೆ ಬಂದರೆ ಯಾರಿಗೆ ಪ್ರಯೋಜನ? ಮೊದಲು ಒಮ್ಮೆ ಜಾಮೀನು ತಿರಸ್ಕಾರವಾಗಿದ್ದರೂ ಹೆದರಬೇಡಿ. ದಿನ ಹತ್ತಿರವಾಗಿರುವುದು, ಹಿಮೋಗ್ಲೋಬಿನ್ ಇಳಿದಿರುವುದು, ರಕ್ತದೊತ್ತಡ ಏರಿರುವುದು ಇವೆಲ್ಲ ಬದಲಾದ ಸನ್ನಿವೇಶ.

ಅರ್ಜಿಯಲ್ಲಿ ಇರಬೇಕಾದ್ದು: ಹೆರಿಗೆಯ ದಿನಾಂಕ, ಹೊಸ ವೈದ್ಯಕೀಯ ವರದಿ, ಹಿಂದಿನ ಹೆರಿಗೆಗಳ ತೊಡಕು, ತಪ್ಪಿಹೋದ ತಪಾಸಣೆಗಳ ಪಟ್ಟಿ, ಆಕೆ ಹೊರಗೆ ಇರುವ ಮನೆಯ ವಿಳಾಸ, ಬಾಣಂತನ ಮಾಡುವವರ ಹೆಸರು ಮತ್ತು ಅವರ ಪ್ರಮಾಣಪತ್ರ. ಈ ಕಡೆಯದನ್ನು ವಕೀಲರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ‘ತವರಿನಲ್ಲಿ ತಾಯಿ ಇದ್ದಾರೆ, ಮನೆಯಿಂದ ಇಷ್ಟು ಕಿಲೋಮೀಟರಿನಲ್ಲಿ ತಾಲ್ಲೂಕು ಆಸ್ಪತ್ರೆ ಇದೆ’ ಎಂದು ತಾಯಿಯೇ ಸಹಿ ಹಾಕಿದ ಕಾಗದ ನ್ಯಾಯಾಧೀಶರ ಮನಸ್ಸಿನ ಸಂಶಯ ತೆಗೆಯುತ್ತದೆ. ಗಂಡನ ಮನೆಯವರೇ ದೂರುದಾರರಾಗಿದ್ದು ತವರೂ ಕೈಬಿಟ್ಟಿದ್ದರೆ ರಾಜ್ಯ ಮಹಿಳಾ ನಿಲಯದಂಥ ಆಶ್ರಯವನ್ನು ಹೆಸರಿಸಿ. ಎಲ್ಲಿಯೂ ಜಾಗ ಇಲ್ಲ ಎಂಬ ಒಂದೇ ಕಾರಣಕ್ಕೆ ಒಳಗೆ ಹೆರುವ ಹೆಂಗಸರ ಪರವಾಗಿ ಯಾರಾದರೂ ಇಂಥ ಆಶ್ರಯಕ್ಕೆ ಒಂದು ಫೋನ್ ಮಾಡಬೇಕಿತ್ತು.

ಅವಧಿ ಕೇಳುವಾಗ 34ನೇ ವಾರದಿಂದ ಹೆರಿಗೆಯ ನಂತರ ಆರು ತಿಂಗಳವರೆಗೆ ಎಂದು ಕೇಳಿ. ಬರೀ ಎದೆಹಾಲಿನ ಅವಧಿ ಅದು, ಕೇಳಲು ಕಾರಣವಿದೆ. ಕಡಿಮೆ ಅವಧಿ ಕೊಟ್ಟರೆ ಮುಗಿಯುವ 15 ದಿನ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿ. ದಿನ ಮೀರಿ ಶರಣಾಗದಿದ್ದರೆ ವಾರಂಟ್ ಹೊರಡುತ್ತದೆ, ಆಮೇಲೆ ಜಾಮೀನು ಬಹಳ ಕಷ್ಟ.

ಆದೇಶ ಬಂದ ಮೇಲೂ ಎಡವುವ ಜಾಗ ಒಂದಿದೆ: ಜಾಮೀನುದಾರರು. ಆದೇಶ ಬರುವ ಮೊದಲೇ ಇಬ್ಬರನ್ನು ಸಿದ್ಧಮಾಡಿ. ಇತ್ತೀಚಿನ ಪಹಣಿ ಅಥವಾ ಖಾತಾ, ಆಧಾರ್, ಫೋಟೊ ತೆಗೆದಿಟ್ಟುಕೊಳ್ಳಿ. ಪಹಣಿಯ ಹೆಸರಿಗೂ ಆಧಾರಿನ ಹೆಸರಿಗೂ ಹೊಂದಾಣಿಕೆ ಇದೆಯೇ ನೋಡಿ, ಇಲ್ಲಿಯೇ ಎಷ್ಟೋ ದಿನ ಕಳೆದುಹೋಗುತ್ತದೆ. ಜಾಮೀನುದಾರರು ಸಿಗದಿದ್ದರೆ 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ ನೆರವಿಗೆ ಬರುತ್ತದೆ: ಆದೇಶವಾಗಿ ಏಳು ದಿನವಾದರೂ ಬಿಡುಗಡೆ ಆಗದಿದ್ದರೆ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಬಾಂಡ್ ಆಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಬಡ ಕೈದಿಗಳಿಗೆ ಕೇಂದ್ರದ ಯೋಜನೆಯಲ್ಲಿ ವಿಚಾರಣಾಧೀನರಿಗೂ, ಸಜಾ ಕೈದಿಗಳ ದಂಡ ಕಟ್ಟಲೂ ಹಣದ ನೆರವಿದೆ. ಯುಎಪಿಎ, ಮಾದಕವಸ್ತುವಿನಂಥ ಕಾಯ್ದೆಗಳಡಿಯ ಆರೋಪಿಗಳಿಗೆ ಇದು ಅನ್ವಯಿಸುವುದಿಲ್ಲ.

ಶಿಕ್ಷೆಯಾದವರಿಗೆ ಎರಡು ದಾರಿ. ಮೇಲ್ಮನವಿಯ ಜೊತೆ ಶಿಕ್ಷೆ ಅಮಾನತಿಗೆ ಅರ್ಜಿ (ಸಂಹಿತೆಯ 430ನೇ ಕಲಮು), ಇಲ್ಲವೇ ಅಧೀಕ್ಷಕರ ಮೂಲಕ ಪೆರೋಲ್. ಪೆರೋಲಿಗೆ ಆಕೆ ಹೋಗಿ ಇರುವ ಊರಿನ ಠಾಣೆಯಿಂದ ವರದಿ ಬರಬೇಕು, ಕಡತ ನಿಲ್ಲುವುದು ಅಲ್ಲಿಯೇ. ಅರ್ಜಿ ಹಾಕಿದ ದಿನವೇ ಕಡತದ ಸಂಖ್ಯೆ ಬರೆದುಕೊಂಡು ಠಾಣೆಗೆ ಹೋಗಿ, ವಿಳಾಸದ ದಾಖಲೆ ಕೊಟ್ಟು, ವರದಿ ಹೊರಟ ದಿನಾಂಕ ಕೇಳಿ. ನಿರಾಕರಿಸಿದರೆ ಕರ್ನಾಟಕ ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿ. ಮರಣದಂಡನೆಯಾದ ಹೆಂಗಸು ಗರ್ಭಿಣಿ ಎಂದು ತಿಳಿದುಬಂದರೆ ಹೈಕೋರ್ಟ್ ಅದನ್ನು ಜೀವಾವಧಿಗೆ ಇಳಿಸಲೇಬೇಕು ಎಂಬುದು ಸಂಹಿತೆಯ 456ನೇ ಕಲಮು.

ರಾತ್ರಿ ನೋವು ಬಂದರೆ

ಒಳಗೇ ಇರಬೇಕಾಗಿ ಬಂದರೆ ಅತ್ಯಂತ ಅಪಾಯದ ಹೊತ್ತು ಇದು. ಸಂಜೆ ಬ್ಯಾರಕ್ಕಿಗೆ ಬೀಗ ಬಿದ್ದ ಮೇಲೆ ನೋವು ಶುರುವಾದರೆ ಬೀಗ ತೆಗೆಸಬೇಕು, ಅಧಿಕಾರಿಗೆ ತಿಳಿಸಬೇಕು, ಎಸ್ಕಾರ್ಟಿಗೆ ಸಶಸ್ತ್ರ ಮೀಸಲು ಪಡೆಯಿಂದ ಮಹಿಳಾ ಸಿಬ್ಬಂದಿ ಬರಬೇಕು, ವಾಹನ ಬರಬೇಕು. ಹಬ್ಬ, ಚುನಾವಣೆ, ಗಣ್ಯರ ಬಂದೋಬಸ್ತಿನ ದಿನಗಳಲ್ಲಿ ಆ ಸಿಬ್ಬಂದಿ ಬೇರೆ ಕಡೆ ಇರುತ್ತಾರೆ. ತಪಾಸಣೆಗಳು ತಪ್ಪುವುದಕ್ಕೂ ಇದೇ ಕಾರಣ.

ಇದನ್ನು ತಡೆಯಲು 34ನೇ ವಾರಕ್ಕೆ ಮೊದಲೇ ನ್ಯಾಯಾಲಯದಿಂದ ಒಂದು ಆದೇಶ ಪಡೆಯಿರಿ. ಅದರಲ್ಲಿ ಮುಂದಿನ ಎಲ್ಲ ತಪಾಸಣೆಗಳ ದಿನಾಂಕ ಇರಲಿ. ತುರ್ತು ಇದ್ದರೆ ಎಸ್ಕಾರ್ಟಿಗೆ ಕಾಯದೆ ಜೈಲಿನ ಮಹಿಳಾ ಸಿಬ್ಬಂದಿಯ ಜೊತೆಯಲ್ಲೇ 108 ಆಂಬುಲೆನ್ಸಿನಲ್ಲಿ ಸಾಗಿಸಬೇಕು ಎಂಬ ಸಾಲು ಇರಲಿ. ಯಾವ ಆಸ್ಪತ್ರೆ ಎಂಬುದೂ ಇರಲಿ: ಬೆಂಗಳೂರಿನಲ್ಲಿ ವಾಣಿವಿಲಾಸ, ಮೈಸೂರಿನಲ್ಲಿ ಚೆಲುವಾಂಬ, ಮಂಗಳೂರಿನಲ್ಲಿ ಲೇಡಿ ಗೋಷನ್, ಉಳಿದೆಡೆ ಜಿಲ್ಲಾಸ್ಪತ್ರೆ. ಪ್ರತಿಯನ್ನು ಪೊಲೀಸ್ ವರಿಷ್ಠಾಧಿಕಾರಿ ಅಥವಾ ಕಮಿಷನರ್ ಕಚೇರಿಗೂ ಕಳುಹಿಸಲು ಆದೇಶದಲ್ಲೇ ಬರೆಸಿ. ಕೋರ್ಟಿಗೆ ಕರೆದೊಯ್ಯುವ ವ್ಯಾನಿನ ಕುಲುಕಾಟ ತಪ್ಪಿಸಲು ವಿಡಿಯೊ ಮೂಲಕ ಹಾಜರಾತಿ ಕೇಳುವುದನ್ನೂ ಅದೇ ಅರ್ಜಿಯಲ್ಲಿ ಸೇರಿಸಿ.

ಆಕೆಯೂ, ಬ್ಯಾರಕ್ಕಿನಲ್ಲಿ ಪಕ್ಕದಲ್ಲಿ ಮಲಗುವ ಹೆಂಗಸರೂ ತಿಳಿದಿರಬೇಕಾದ ಅಪಾಯದ ಚಿಹ್ನೆಗಳು: ರಕ್ತಸ್ರಾವ, ನೀರು ಒಡೆಯುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಕಣ್ಣು ಮಂಜಾಗಿಸುವ ತಲೆನೋವು, ಮುಖ ಮತ್ತು ಕೈ ಊದಿಕೊಳ್ಳುವುದು, ಫಿಟ್ಸ್, ಜೋರು ಜ್ವರ, ಏದುಸಿರು. ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು. ಭೇಟಿಯಲ್ಲಿ ಇದನ್ನು ಅವಳಿಗೆ ಬಾಯಿಪಾಠ ಮಾಡಿಸಿ.

ಆಸ್ಪತ್ರೆಯಲ್ಲಿ

ಹೆರಿಗೆ ನೋವಿನಲ್ಲಿ, ಹೆರಿಗೆಯ ಸಮಯದಲ್ಲಿ, ಆದ ಕೂಡಲೇ ಬೇಡಿ ಹಾಕಬಾರದು ಎಂದು ವಿಶ್ವಸಂಸ್ಥೆಯ 2010ರ ಬ್ಯಾಂಕಾಕ್ ನಿಯಮಗಳ 24ನೇ ನಿಯಮ ಹೇಳುತ್ತದೆ. ನಮ್ಮ ಹೊಸ ಸಂಹಿತೆಯ 43(3) ಕೆಲವು ಗಂಭೀರ ಅಪರಾಧಗಳಲ್ಲಿ ಬೇಡಿಗೆ ಅವಕಾಶ ಕೊಡುತ್ತದಾದರೂ ಅದು ಬಂಧಿಸುವಾಗ ಮತ್ತು ಕೋರ್ಟಿಗೆ ಹಾಜರುಪಡಿಸುವಾಗ ಮಾತ್ರ. ಆಸ್ಪತ್ರೆಯ ಮಂಚಕ್ಕೆ ಕಟ್ಟಲು ಅದರಲ್ಲಿ ಅನುಮತಿ ಇಲ್ಲ. ಬೇಡಿ ಕಂಡರೆ ವಾರ್ಡಿನ ವೈದ್ಯರಿಗೆ ಹೇಳಿ. ‘ಚಿಕಿತ್ಸೆಗೆ ಅಡ್ಡಿ’ ಎಂದು ಅವರು ಕೇಸ್ ಶೀಟಿನಲ್ಲಿ ಬರೆದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಕಾವಲಿನವರು ಹೆರಿಗೆ ಕೋಣೆಯ ಹೊರಗೆ ನಿಲ್ಲಬೇಕು.

ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧಿ, ಪರೀಕ್ಷೆ, ರಕ್ತ ಎಲ್ಲ ಉಚಿತ. ಊಟ ಸಹಜ ಹೆರಿಗೆಗೆ ಮೂರು ದಿನ, ಆಪರೇಷನ್ನಿಗೆ ಏಳು ದಿನ. ಮಗುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ, ಜೊತೆಗೆ ಬಿಸಿಜಿ ಮತ್ತು ಪೋಲಿಯೊ ಹನಿ. ಎಸ್ಕಾರ್ಟಿನವರ ಅವಸರಕ್ಕೆ ಬೇಗ ಡಿಸ್ಚಾರ್ಜ್ ಆಗಬಾರದು. ವೈದ್ಯರು ಹೇಳಿದ ದಿನದವರೆಗೂ ಅಲ್ಲಿಯೇ ಇರಬೇಕು.

ಜನನ ನೋಂದಣಿ 21 ದಿನದೊಳಗೆ ಉಚಿತ. ಹೆರಿಗೆ ಜೈಲಿನೊಳಗೇ ಆದರೂ ಪ್ರಮಾಣಪತ್ರದಲ್ಲಿ ಹುಟ್ಟಿದ ಜಾಗ ಜೈಲು ಎಂದು ಬರೆಯುವಂತಿಲ್ಲ, ಆ ಬಡಾವಣೆಯ ವಿಳಾಸ ಮಾತ್ರ ಇರಬೇಕು. ಸಹಿ ಹಾಕುವ ಮೊದಲು ಓದಿ ನೋಡಿ. ತಾಯಿಯ ವಿಳಾಸದ ಕಾಲಂನಲ್ಲೂ ಆಧಾರಿನಲ್ಲಿರುವ ಮನೆಯ ವಿಳಾಸವನ್ನೇ ಕೊಡಿ. ಈ ಮಗು ನಾಳೆ ಶಾಲೆಗೆ ಹೋಗುವಾಗ ಕೈಯಲ್ಲಿ ಹಿಡಿಯುವ ಕಾಗದ ಅದು.

ಬಾಣಂತಿ, ಮಗು, ಮನೆತನದ ರೂಢಿ

ಮಗು ಆರು ವರ್ಷದವರೆಗೆ ತಾಯಿಯ ಜೊತೆ ಇರಬಹುದು. ಅದು ಕೈದಿಯಲ್ಲ. ಅದರ ಊಟ, ಬಟ್ಟೆ, ಪಾತ್ರೆ, ಹಾಲು ಬೇರೆ. ಮೂರು ವರ್ಷದೊಳಗಿನವರಿಗೆ ಶಿಶುಪಾಲನಾ ಕೇಂದ್ರ, ಮೂರರಿಂದ ಆರರವರಿಗೆ ನರ್ಸರಿ ಇರಬೇಕು. ತಾಯಿಯ ಊಟದಲ್ಲೇ ಹಂಚಿಕೊಳ್ಳಲಿ ಎಂದರೆ ಅದು ತೀರ್ಪಿಗೆ ವಿರುದ್ಧ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ 1,537 ತಾಯಂದಿರ ಜೊತೆ 1,764 ಮಕ್ಕಳಿದ್ದರು, ಅವರಲ್ಲಿ ಹೆಚ್ಚಿನ ತಾಯಂದಿರು ಇನ್ನೂ ವಿಚಾರಣಾಧೀನರು.

ತೊಟ್ಟಿಲು, ನಾಮಕರಣದ ಶಾಸ್ತ್ರಕ್ಕೆ ಸೌಲಭ್ಯ ಕೊಡಬೇಕೆಂದೂ ಅದೇ ತೀರ್ಪಿನಲ್ಲಿದೆ. ಮುಸ್ಲಿಂ, ಕ್ರೈಸ್ತ, ಜೈನ ಮನೆತನದವರು ತಮ್ಮ ರೂಢಿಯಂತೆ ಹೆಸರಿಡಲು ಅರ್ಜಿ ಕೊಟ್ಟರೂ ಅದಕ್ಕೆ ಸಿಗಬೇಕಾದ ಉತ್ತರ ಒಂದೇ. ಅಲ್ಪಸಂಖ್ಯಾತರೇ, ಯಾವ ಪಂಗಡ, ಪ್ರಮಾಣಪತ್ರ ಎಲ್ಲಿ ಎಂಬ ಚರ್ಚೆಗೆ ಇಲ್ಲಿ ಎಡೆಯಿಲ್ಲ. ಈ ಯಾವ ಹಕ್ಕೂ ಜಾತಿ, ಧರ್ಮದ ಕಾಗದದ ಮೇಲೆ ನಿಂತಿಲ್ಲ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲಿನ ರಿಜಿಸ್ಟರುಗಳಿಂದ ಜಾತಿಯ ಕಾಲಂ ತೆಗೆಯಬೇಕೆಂದೂ ಜಾತಿ ನೋಡಿ ಕೆಲಸ ಹಂಚಬಾರದೆಂದೂ ಹೇಳಿತು. ಬಸುರಿಗೆ ಕಕ್ಕಸು ತೊಳೆಯುವ ಕೆಲಸ ಹಚ್ಚಿದ್ದರೆ ಈ ತೀರ್ಪನ್ನೂ ವೈದ್ಯರ ಚೀಟಿಯನ್ನೂ ಜೊತೆಗಿಟ್ಟು ದೂರು ಕೊಡಿ. ರಂಜಾನಿನಲ್ಲಿ ಉಪವಾಸ ಹಿಡಿಯಬೇಕೆಂದು ಆಕೆ ಹಟ ಮಾಡಿದರೆ, ಗರ್ಭಿಣಿಗೂ ಹಾಲೂಡಿಸುವವಳಿಗೂ ಧರ್ಮದಲ್ಲೇ ವಿನಾಯಿತಿ ಇದೆ ಎಂದು ಮನೆಯ ಹಿರಿಯರು ಭೇಟಿಯಲ್ಲಿ ಹೇಳಲಿ. ಜೈಲಿನವರು ಹೇಳುವುದಕ್ಕಿಂತ ಆ ಮಾತಿಗೆ ತೂಕ ಹೆಚ್ಚು.

ಹೆರಿಗೆಯಾದ ಎರಡು ವಾರಕ್ಕೂ ಮೀರಿ ಆಕೆ ಅಳುತ್ತಿದ್ದರೆ, ನಿದ್ದೆ ಮಾಡದಿದ್ದರೆ, ಮಗುವನ್ನು ಮುಟ್ಟಲು ಒಲ್ಲೆ ಎಂದರೆ ಅದು ಬಾಣಂತಿ ಖಿನ್ನತೆ ಇರಬಹುದು. ಮನೋವೈದ್ಯರ ಭೇಟಿಗೆ ಲಿಖಿತವಾಗಿ ಕೇಳಿ.

ಗರ್ಭ ಮುಂದುವರಿಸಲು ಇಷ್ಟವಿಲ್ಲದಿದ್ದರೆ

ವೈದ್ಯಕೀಯ ಗರ್ಭಪಾತ ಕಾಯ್ದೆ ಜೈಲಿನ ಬಾಗಿಲಲ್ಲಿ ನಿಲ್ಲುವುದಿಲ್ಲ. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24ರವರೆಗೆ, ಅತ್ಯಾಚಾರದಿಂದ ಬಸಿರಾದವರೂ ಸೇರಿದಂತೆ ನಿಗದಿತ ವರ್ಗದವರಿಗೆ, ಇಬ್ಬರದು ಬೇಕು. 18 ತುಂಬಿದ್ದರೆ ಆಕೆಯ ಒಪ್ಪಿಗೆ ಒಂದೇ ಸಾಕು, ಗಂಡನದೂ ಅಧೀಕ್ಷಕರದೂ ಬೇಡ. 2016ರಲ್ಲಿ ಬಾಂಬೆ ಹೈಕೋರ್ಟ್ ಮಹಿಳಾ ಕೈದಿಗಳ ವಿಷಯದಲ್ಲೇ ಈ ಹಕ್ಕನ್ನು ಎತ್ತಿಹಿಡಿದಿದೆ. ಕೋರ್ಟಿನ ಅನುಮತಿ ತನ್ನಿ ಎಂದು ತಳ್ಳುತ್ತಾ ವಾರಗಳು ಮೀರಿದರೆ ದಾರಿ ಮುಚ್ಚುತ್ತದೆ. ಕೇಳಿದ ದಿನಾಂಕ ಬರಹದಲ್ಲಿರಲಿ.

ಮಾತು ಕೇಳದಿದ್ದರೆ

ಮೊದಲು ಅಧೀಕ್ಷಕರು, ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ. ಇವರು ಜೈಲಿಗೆ ಭೇಟಿ ಕೊಡುವ ನ್ಯಾಯಾಧೀಶರು, ಒಂದು ಫೋನಿನಲ್ಲಿ ಎಸ್ಕಾರ್ಟ್ ಹೊರಡಿಸಬಲ್ಲರು. ಆಮೇಲೆ ಪ್ರಕರಣ ನಡೆಯುತ್ತಿರುವ ನ್ಯಾಯಾಲಯಕ್ಕೆ ಮೆಮೊ, ರಾಜ್ಯ ಮಾನವ ಹಕ್ಕುಗಳ ಆಯೋಗ, ಹೈಕೋರ್ಟ್. ದಿನ ದೂರವಿದ್ದಾಗ ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಬಹುದು. 34 ವಾರ ದಾಟಿದ್ದರೆ ಒಂದೇ ದಿನ ಎಲ್ಲ ಕಡೆಗೂ ಕಳುಹಿಸಿ, ಹೈಕೋರ್ಟಿನಲ್ಲಿ ತುರ್ತು ವಿಚಾರಣೆಗೆ ಮೆಮೊ ಹಾಕಿಸಿ. ರಜೆಯಿದ್ದರೆ ರಜಾಕಾಲದ ಪೀಠದ ಮುಂದೆ ಹೋಗಿ. ಅರ್ಜಿಯ ಮೊದಲ ಸಾಲಿನಲ್ಲೇ ಹೆರಿಗೆಯ ದಿನಾಂಕ ದಪ್ಪ ಅಕ್ಷರದಲ್ಲಿ ಇರಲಿ.